ಭೂವಿಜ್ಞಾನದ ಜರ್ನಲ್‌ಗೆ ಪೇಪರ್ ಕಳಿಸುವುದು: ಸ್ಯಾಂಪಲ್ ಪಟ್ಟಿಯಿಂದ ಪ್ರೂಫ್ ತನಕ

ಪ್ರತಿ ವರ್ಷ ಇದೇ ಕಥೆ. ಪಿಎಚ್‌ಡಿ ಮಾಡುತ್ತಿರುವ ಯಾರೋ ಒಬ್ಬರು ಫೋನ್ ಮಾಡಿ, "ಸರ್, ಪೇಪರ್ ನಾಲ್ಕೇ ದಿನಕ್ಕೆ ವಾಪಸ್ ಬಂತು, ರಿವ್ಯೂಗೇ ಹೋಗಲಿಲ್ಲ" ಅನ್ನುತ್ತಾರೆ. ರಿವ್ಯೂ ಅಂದರೆ ಅದೇ ವಿಷಯದ ಪರಿಣಿತರು ಓದಿ ಪರೀಕ್ಷಿಸುವುದು. ಫೈಲ್ ತರಿಸಿ ನೋಡಿದರೆ ಕೆಲಸ ಚೆನ್ನಾಗಿಯೇ ಇರುತ್ತದೆ. ಬಿಸಿಲಲ್ಲಿ ಅಲೆದು ಕಲ್ಲು ಒಡೆದು ತಂದಿದ್ದಾರೆ. ದುಡ್ಡು ಕೊಟ್ಟು ಅನಾಲಿಸಿಸ್ ಮಾಡಿಸಿದ್ದಾರೆ. ಎಡವಿರುವುದು ಬೇರೆ ಕಡೆ. ಮ್ಯಾಪಿಗೆ ಸ್ಕೇಲ್ ಇಲ್ಲ, ಟೇಬಲ್‌ನಲ್ಲಿರುವ ಸ್ಯಾಂಪಲ್ ನಂಬರ್ ಮ್ಯಾಪಿನಲ್ಲಿ ಹುಡುಕಿದರೆ ಸಿಗುವುದಿಲ್ಲ, ಹೊಸದೇನು ಅನ್ನುವುದು ಹನ್ನೆರಡನೇ ಪುಟದಲ್ಲಿ ಎಲ್ಲೋ ಒಂದು ಸಾಲಿನಲ್ಲಿ ಅಡಗಿ ಕೂತಿದೆ.

ಮುಕ್ಕಾಲು ಪಾಲು ತಪ್ಪು ಕ್ರಮದಿಂದಲೇ ಹುಟ್ಟುತ್ತದೆ ಅಂತ ನನಗನ್ನಿಸುತ್ತದೆ. ಮೊದಲು ಪೀಠಿಕೆ ಬರೆಯಲು ಕೂರುತ್ತಾರೆ, ಚಿತ್ರಗಳನ್ನು ಕೊನೆಯ ವಾರದಲ್ಲಿ ಎಳೆದು ಮುಗಿಸುತ್ತಾರೆ, ಯಾವ ಜರ್ನಲ್ ಅನ್ನುವುದನ್ನು ಎಲ್ಲಾ ಆದಮೇಲೆ ಯೋಚಿಸುತ್ತಾರೆ. ಇದನ್ನು ಪೂರ್ತಿ ಉಲ್ಟಾ ಮಾಡಬೇಕು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ, ನಡುವೆ ಹಾರಬೇಡಿ.

ಬೇಕಾಗುವ ಸಾಮಾನು ಜಾಸ್ತಿ ಇಲ್ಲ. ಮ್ಯಾಪಿಗೆ ಕ್ಯೂಜಿಐಎಸ್, ಚಿತ್ರ ಜೋಡಿಸಲು ಇಂಕ್‌ಸ್ಕೇಪ್, ಜಿಯೋಕೆಮಿಸ್ಟ್ರಿ (ಕಲ್ಲಿನ ರಾಸಾಯನಿಕ ಸಂಯೋಜನೆ) ಗ್ರಾಫಿಗೆ ಜಿಸಿಡಿಕಿಟ್, ವಯಸ್ಸಿನ ಲೆಕ್ಕಕ್ಕೆ ಐಸೋಪ್ಲಾಟ್‌ಆರ್, ರೆಫರೆನ್ಸ್ ಇಟ್ಟುಕೊಳ್ಳಲು ಜೊಟೆರೊ. ಎಲ್ಲವೂ ಪುಕ್ಕಟೆ. ಕದ್ದ ಸಾಫ್ಟ್‌ವೇರ್ ಹುಡುಕಿಕೊಂಡು ಹೋಗಿ ವೈರಸ್ ಹತ್ತಿಸಿಕೊಳ್ಳಬೇಡಿ.

ಹಂತ 1: ಹೇಳುವ ಮಾತನ್ನು ಎರಡು ಸಾಲಿನಲ್ಲಿ ಬರೆದುಕೊಳ್ಳಿ

ಒಂದು ಹಾಳೆ ತೆಗೆದುಕೊಂಡು ಎರಡೇ ಸಾಲು ಬರೆಯಿರಿ. ಈ ಕಲ್ಲಿನ ಬಗ್ಗೆ ಇದುವರೆಗೆ ಗೊತ್ತಿಲ್ಲದ್ದು ಏನಿತ್ತು? ನನ್ನ ಡೇಟಾ ಅದರಲ್ಲಿ ಯಾವುದನ್ನು ಬಗೆಹರಿಸುತ್ತದೆ?

"ಚಿತ್ರದುರ್ಗ ಶಿಸ್ಟ್ ಬೆಲ್ಟಿನ ಮೆಟಾಬಸಾಲ್ಟ್‌ಗಳ (ರೂಪಾಂತರಗೊಂಡ ಲಾವಾ ಕಲ್ಲುಗಳ) ಜಿಯೋಕೆಮಿಸ್ಟ್ರಿ ಮಾಡಿದ್ದೇವೆ" ಅನ್ನುವುದು ಉತ್ತರ ಅಲ್ಲ. ಅದು ನೀವು ಮಾಡಿದ ಕೆಲಸದ ಹೆಸರು ಅಷ್ಟೇ. "ಈ ಬಸಾಲ್ಟ್‌ಗಳು ಮೇಲೆ ಬರುವಾಗ ಹಳೆಯ ಗ್ನೈಸನ್ನು ಕರಗಿಸಿಕೊಂಡು ಬಂದಿವೆ, ಹಾಗಾಗಿ ಅವು ಹರಡುವ ಹೊತ್ತಿಗೆ ಕೆಳಗೆ ಖಂಡದ ತೊಗಟೆ ಇತ್ತು" ಅಂದರೆ ಅದು ಉತ್ತರ. ಇಷ್ಟು ಬರೆಯಲು ಆಗದಿದ್ದರೆ ಪೇಪರ್ ಇನ್ನೂ ಹಣ್ಣಾಗಿಲ್ಲ ಅಂತ ಅರ್ಥ. ಗೈಡ್ ಜೊತೆ ಕೂತು ಮಾತಾಡಿ, ಬೇಕಾದರೆ ಇನ್ನೊಂದು ಸಲ ಫೀಲ್ಡಿಗೆ ಹೋಗಿ.

ಯಾರ ಹೆಸರು ಪೇಪರಿನಲ್ಲಿ ಇರಬೇಕು, ಯಾವ ಕ್ರಮದಲ್ಲಿ ಇರಬೇಕು ಅನ್ನುವುದನ್ನೂ ಇದೇ ಹಂತದಲ್ಲಿ ಮುಗಿಸಿಬಿಡಿ. ಆಮೇಲೆ ಮಾತಾಡೋಣ ಅಂದುಕೊಂಡು ಮುಂದೂಡಿ ಕೊನೆಗೆ ಮಾತೇ ಬಿಟ್ಟ ಗೆಳೆಯರನ್ನು ನೋಡಿದ್ದೇನೆ.

ಹಂತ 2: ಬರೆಯುವ ಮೊದಲೇ ಜರ್ನಲ್ ಆರಿಸಿ

ನಿಮ್ಮ ರೆಫರೆನ್ಸ್ ಪಟ್ಟಿಯನ್ನೇ ಒಮ್ಮೆ ನೋಡಿ. ನೀವು ಜಾಸ್ತಿ ಓದಿದ ಪೇಪರ್‌ಗಳು ಯಾವ ಜರ್ನಲ್‌ನಲ್ಲಿ ಬಂದಿವೆಯೋ ನಿಮ್ಮ ಓದುಗರೂ ಅಲ್ಲೇ ಇದ್ದಾರೆ. ಒಂದು ಜಿಲ್ಲೆಯ ಮಟ್ಟದ, ಭಾರತದ ಸ್ತರವಿನ್ಯಾಸಕ್ಕೆ ಸಂಬಂಧಪಟ್ಟ ಕೆಲಸವಾದರೆ ಬೆಂಗಳೂರಿನ ಜಿಯಾಲಾಜಿಕಲ್ ಸೊಸೈಟಿ ಆಫ್ ಇಂಡಿಯಾದ ಜರ್ನಲ್, ಇಲ್ಲವೇ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನವರ ಜರ್ನಲ್ ಆಫ್ ಅರ್ತ್ ಸಿಸ್ಟಮ್ ಸೈನ್ಸ್ ಸರಿಯಾದ ಜಾಗ. ಭೂಮಿಯ ಬಹಳ ಹಳೆಯ, ಆರ್ಕಿಯನ್ ಕಾಲದ ದೊಡ್ಡ ಪ್ರಶ್ನೆಗೆ ಉತ್ತರ ಇದ್ದರೆ ಪ್ರಿಕ್ಯಾಂಬ್ರಿಯನ್ ರಿಸರ್ಚ್ ಕಡೆ ನೋಡಬಹುದು. ಅಮೆರಿಕದ 'ಜಿಯಾಲಜಿ' ಚಿಕ್ಕ ಪೇಪರ್‌ಗಳ ಜರ್ನಲ್. ನಿಮ್ಮ ಮೂವತ್ತು ಪುಟವನ್ನು ಅಲ್ಲಿಗೆ ಕಳಿಸಿದರೆ ಯಾರೂ ಓದುವುದಿಲ್ಲ.

ಆರಿಸಿದ ಮೇಲೆ ಲೇಖಕರಿಗೆ ಕೊಟ್ಟಿರುವ ಸೂಚನೆಗಳನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ. ಪದಮಿತಿ, ಅಬ್‌ಸ್ಟ್ರ್ಯಾಕ್ಟ್ ಎಷ್ಟು ಉದ್ದ, ರೆಫರೆನ್ಸ್ ಶೈಲಿ, ಲೇಖಕರ ಹೆಸರು ಮುಚ್ಚಿಡಬೇಕಾ ಬೇಡವಾ, ಇಷ್ಟನ್ನು ಹೈಲೈಟ್ ಮಾಡಿ.

ಅಪಾಯದ ಗುರುತುಗಳು ಗೊತ್ತಿರಲಿ. ಒಂದು ವಾರದಲ್ಲಿ ಪ್ರಕಟಣೆ ಗ್ಯಾರಂಟಿ ಅನ್ನುವವರು, ರಿವ್ಯೂ ಆಗುವ ಮೊದಲೇ ದುಡ್ಡು ಕೇಳುವವರು, ವಾಟ್ಸಾಪ್‌ನಲ್ಲಿ ಪೇಪರ್ ಕಳಿಸಿ ಅನ್ನುವವರು, ಒಂದೇ ಸಂಚಿಕೆಯಲ್ಲಿ ಗ್ರಾನೈಟೂ ಹಲ್ಲುನೋವೂ ಮಾರ್ಕೆಟಿಂಗೂ ಹಾಕುವವರು, ಇವರೆಲ್ಲ ಜರ್ನಲ್ ಅಲ್ಲ, ಅಂಗಡಿ. ನಿಜವಾದ ಜರ್ನಲ್‌ಗಳ ಹೆಸರನ್ನೇ ಕದ್ದು ನಕಲಿ ವೆಬ್‌ಸೈಟ್ ಮಾಡುವವರೂ ಇದ್ದಾರೆ, ಆದ್ದರಿಂದ ಹುಡುಕಿದಾಗ ಮೊದಲು ಬಂದ ಲಿಂಕನ್ನು ನಂಬದೆ ಸೊಸೈಟಿ ಅಥವಾ ಪ್ರಕಾಶಕರ ಸ್ವಂತ ಪುಟದಿಂದಲೇ ಒಳಗೆ ಹೋಗಿ. ಒಳ್ಳೆಯ ಜರ್ನಲ್‌ಗಳೂ ಓಪನ್ ಆಕ್ಸೆಸ್‌ಗೆ ದುಡ್ಡು ಕೇಳುತ್ತವೆ ನಿಜ, ಆದರೆ ಪೇಪರ್ ಒಪ್ಪಿಗೆ ಆದಮೇಲೆ. ಹೈಬ್ರಿಡ್ ಜರ್ನಲ್ (ಓಪನ್ ಆಕ್ಸೆಸ್, ಚಂದಾ ಎರಡೂ ದಾರಿ ಇರುವಂಥದ್ದು) ಆದರೆ ಚಂದಾ ದಾರಿಯಲ್ಲಿ ಸಾಮಾನ್ಯವಾಗಿ ಲೇಖಕರು ಏನೂ ಕೊಡಬೇಕಾಗಿಲ್ಲ. ಆ ಆಯ್ಕೆಯನ್ನು ಗಮನವಿಟ್ಟು ಒತ್ತಿ.

ಹಂತ 3: ಸ್ಯಾಂಪಲ್ ಪಟ್ಟಿ ಸರಿಮಾಡಿ

ಎಲ್ಲರೂ ಹಾರಿಸುವ ಹಂತ ಇದು. ಒಂದು ಮಾಸ್ಟರ್ ಶೀಟ್ ಮಾಡಿ. ಸ್ಯಾಂಪಲ್ ನಂಬರ್, ಕಲ್ಲಿನ ಹೆಸರು, ಅಕ್ಷಾಂಶ, ರೇಖಾಂಶ, ಥಿನ್ ಸೆಕ್ಷನ್ (ಮೈಕ್ರೋಸ್ಕೋಪಿಗೆ ತೆಳ್ಳಗೆ ಕೊಯ್ದ ಕಲ್ಲಿನ ಚೂರು) ಇದೆಯಾ, ಯಾವ ಯಾವ ಅನಾಲಿಸಿಸ್ ಆಗಿದೆ, ಎಲ್ಲಾ ಒಂದೇ ಸಾಲಿನಲ್ಲಿ ಬರಲಿ. ಮುಂದೆ ಮ್ಯಾಪ್, ಟೇಬಲ್, ಬರಹ ಮೂರಕ್ಕೂ ನಂಬರ್ ಇಲ್ಲಿಂದಲೇ ಹೋಗಬೇಕು.

ನನ್ನ ಕಣ್ಣೆದುರೇ ಆದ ಒಂದು ಎಡವಟ್ಟು ಹೇಳುತ್ತೇನೆ. ಮಾರಿಕಣಿವೆ ಕಡೆಯ ಸ್ಯಾಂಪಲ್‌ಗಳಿಗೆ ಇಂಗ್ಲಿಷಿನಲ್ಲಿ 'ಎಂಎಆರ್' ಅಂತ ಕೋಡ್ ಇಟ್ಟಿದ್ದರು. ಎಂಎಆರ್-12 ಅಂತ ಟೈಪ್ ಮಾಡಿದ ಕೂಡಲೇ ಎಕ್ಸೆಲ್ ಅದನ್ನು ಮಾರ್ಚ್ 12ನೇ ತಾರೀಕು ಮಾಡಿಬಿಟ್ಟಿತು! ಮಾರ್ಚ್‌ಗೆ 40ನೇ ತಾರೀಕು ಇಲ್ಲವಲ್ಲ, ಎಂಎಆರ್-40ರ 40ನ್ನು ಇಸವಿ ಅಂದುಕೊಂಡು ಅದನ್ನೂ ಮಾರ್ಚ್ ತಿಂಗಳು ಮಾಡಿತು. ಟೇಬಲ್ ಪೂರ್ತಿ ಕ್ಯಾಲೆಂಡರ್ ಆಗಿದ್ದು ಯಾರ ಕಣ್ಣಿಗೂ ಬೀಳದೆ ರಿವ್ಯೂವರ್ ಕೈಗೆ ಹೋಯಿತು. ಕಾಲಮ್ಮನ್ನು ಮೊದಲೇ 'ಟೆಕ್ಸ್ಟ್' ಅಂತ ಫಾರ್ಮ್ಯಾಟ್ ಮಾಡಿ, ಆಮೇಲೆ ಟೈಪ್ ಮಾಡಿ.

ಜಿಪಿಎಸ್ ಅಂಕಿಯಲ್ಲಿ ಇನ್ನೊಂದು ಗುಂಡಿ ಇದೆ. 13 ಡಿಗ್ರಿ 53 ಮಿನಿಟ್ 30 ಸೆಕೆಂಡ್ ಅನ್ನುವುದು ದಶಮಾಂಶದಲ್ಲಿ 13.8917. ಅದನ್ನು ಸುಮ್ನೆ ಚುಕ್ಕಿ ಹಾಕಿ 13.5330 ಅಂತ ಬರೆದರೆ ನಿಮ್ಮ ಸ್ಯಾಂಪಲ್ ಸುಮಾರು 40 ಕಿ.ಮೀ. ದಕ್ಷಿಣಕ್ಕೆ ಹೋಗಿ ಕೂರುತ್ತದೆ. ಬರೆದ ಅಂಕಿಗಳನ್ನು ಒಮ್ಮೆ ಗೂಗಲ್ ಅರ್ತ್‌ನಲ್ಲಿ ಹಾಕಿ ನೋಡಿ. ಕೆರೆಯ ನಡುವೆ ಸ್ಯಾಂಪಲ್ ತೇಲುತ್ತಿದ್ದರೆ ಗೊತ್ತಾಗುತ್ತದೆ, ಅಲ್ವಾ?

ಈಗ ಅನಾಲಿಸಿಸ್. ಮೇಜರ್ ಆಕ್ಸೈಡ್‌ಗಳ ಶೇಕಡಾ ಅಂಕಿಗಳನ್ನು, ಲಾಸ್ ಆನ್ ಇಗ್ನಿಷನ್ (ಕಲ್ಲಿನ ಪುಡಿ ಕಾಸಿದಾಗ ಕಳೆಯುವ ತೂಕ) ಸೇರಿಸಿ, ಕೂಡಿದರೆ ನೂರರ ಹತ್ತಿರ ಬರಬೇಕು. 98.5ರಿಂದ 101ರ ಒಳಗಿದ್ದರೆ ಸಾಮಾನ್ಯವಾಗಿ ಯಾರೂ ಮಾತಾಡುವುದಿಲ್ಲ. 95 ಬಂದಿದ್ದರೆ ಏನೋ ಬಿಟ್ಟುಹೋಗಿದೆ, ಲ್ಯಾಬ್‌ನವರನ್ನು ಕೇಳಿ. ಕಬ್ಬಿಣವನ್ನು ಫೆರಿಕ್ ರೂಪದಲ್ಲಿ ಕೊಟ್ಟಿದ್ದಾರಾ, ಫೆರಸ್ ರೂಪದಲ್ಲಾ ಅಂತ ಟೇಬಲ್‌ನಲ್ಲೇ ಬರೆಯಿರಿ. ಫೆರಿಕ್ ಆಕ್ಸೈಡನ್ನು ಫೆರಸ್ ಮಾಡಲು 0.8998ರಿಂದ ಗುಣಿಸಬೇಕು. ಇದನ್ನು ಮರೆತು ಹಳೆಯ ಪೇಪರಿನ ಡೇಟಾ ಜೊತೆ ಒಂದೇ ಗ್ರಾಫಿನಲ್ಲಿ ಹಾಕಿದರೆ, ಇಲ್ಲದ ವ್ಯತ್ಯಾಸ ಇದ್ದಂತೆ ಕಾಣುತ್ತದೆ, ನೀವು ಅದರ ಮೇಲೆ ಎರಡು ಪ್ಯಾರಾ ವಾದ ಬೇರೆ ಕಟ್ಟಿರುತ್ತೀರಿ.

ಲ್ಯಾಬ್‌ನವರು ನಿಮ್ಮ ಸ್ಯಾಂಪಲ್ ಜೊತೆ ಓಡಿಸಿದ ಸ್ಟ್ಯಾಂಡರ್ಡ್‌ನ (ಬೆಲೆ ಮೊದಲೇ ಗೊತ್ತಿರುವ ಸ್ಯಾಂಪಲ್‌ನ) ಅಂಕಿಗಳನ್ನೂ ಕೇಳಿ ಇಸಿದುಕೊಳ್ಳಿ. ಬಸಾಲ್ಟಿಗೆ ಬಿಎಚ್‌ವಿಒ-2, ವಯಸ್ಸು ಅಳೆಯಲು ಬಳಸುವ ಖನಿಜ ಜಿರ್ಕಾನಿಗೆ 91500 ಅಥವಾ ಪ್ಲೆಶೊವಿಟ್ಸೆ, ಹೀಗೆ ಏನಾದರೂ ಇದ್ದೇ ಇರುತ್ತದೆ. ಅಳೆದ ಬೆಲೆ, ಒಪ್ಪಿತ ಬೆಲೆ ಎರಡೂ ಪಕ್ಕಪಕ್ಕ ಇರಬೇಕು. ಇದಿಲ್ಲದ ಜಿಯೋಕೆಮಿಸ್ಟ್ರಿ ಪೇಪರನ್ನು ಈಗ ಯಾರೂ ನಂಬುವುದಿಲ್ಲ. ಎರಡು ವರ್ಷ ಬಿಟ್ಟು ಕೇಳಿದರೆ ಲ್ಯಾಬ್‌ನಲ್ಲಿ ಆ ಫೈಲೇ ಸಿಗದಿರಬಹುದು, ಹಾಗಾಗಿ ರಿಸಲ್ಟ್ ಬಂದ ದಿನವೇ ಕೇಳಿ.

ಜಿರ್ಕಾನ್ ವಯಸ್ಸು ಕೊಡುವಾಗ 2518.437 ಮಿಲಿಯನ್ ವರ್ಷ ಅಂತ ಬರೆಯುವವರಿದ್ದಾರೆ. ಅಳತೆಯ ಅನಿಶ್ಚಿತತೆಯೇ ±12 ಇರುವಾಗ ಆ ದಶಮಾಂಶಕ್ಕೆ ಏನರ್ಥ? 2518 ± 12 ಅಂತ ಬರೆದು, ಅದು ಎರಡು ಸಿಗ್ಮಾನಾ ಒಂದಾ, ಎಷ್ಟು ಬಿಂದುಗಳಿಂದ ಬಂತು, ಎಂಎಸ್‌ಡಬ್ಲ್ಯುಡಿ (ಬಿಂದುಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅನ್ನುವ ಅಂಕಿ) ಎಷ್ಟು ಅಂತ ಹೇಳಿ. ಲೆಕ್ಕದಿಂದ ಬಿಟ್ಟ ಬಿಂದುಗಳೂ ಟೇಬಲ್‌ನಲ್ಲಿ ಇರಲಿ, ಬಿಟ್ಟಿದ್ದಕ್ಕೆ ಕಾರಣವೂ ಇರಲಿ.

ಹಂತ 4: ಚಿತ್ರಗಳನ್ನು ಪೂರ್ತಿ ಮುಗಿಸಿ

ಬರವಣಿಗೆ ಇನ್ನೂ ಶುರುವಾಗಿಲ್ಲ, ಗಮನಿಸಿ. ಎಡಿಟರ್ ಮೊದಲು ನೋಡುವುದು ಟೈಟಲ್, ಅಬ್‌ಸ್ಟ್ರ್ಯಾಕ್ಟ್, ಆಮೇಲೆ ಸೀದಾ ಚಿತ್ರಗಳು.

ಮ್ಯಾಪಿನಲ್ಲಿ ಉತ್ತರ ದಿಕ್ಕಿನ ಬಾಣ, ಸ್ಕೇಲ್ ಬಾರ್, ನಾಲ್ಕೂ ಬದಿಗೆ ಅಕ್ಷಾಂಶ ರೇಖಾಂಶ, ಲೆಜೆಂಡ್, ಸ್ಯಾಂಪಲ್ ಜಾಗ ಇಷ್ಟೂ ಬೇಕೇಬೇಕು. ಸ್ಕೇಲನ್ನು 1:50,000 ಅಂತ ಅಂಕಿಯಲ್ಲಿ ಬರೆದು ಬಿಡಬೇಡಿ, ಜರ್ನಲ್ ಚಿತ್ರವನ್ನು ಕುಗ್ಗಿಸಿದ ಕೂಡಲೇ ಅದು ಸುಳ್ಳಾಗುತ್ತದೆ. ಸ್ಕೇಲ್ ಬಾರನ್ನೇ ಎಳೆಯಬೇಕು. ಸರ್ವೆ ಆಫ್ ಇಂಡಿಯಾ ನಕ್ಷೆ ಹಾಳೆಯ ನಂಬರ್ ಕೊಟ್ಟು 'ಟೊಪೊಶೀಟ್ 57 ಬಿ' ಅಂತಷ್ಟೇ ಬರೆದರೆ ಬ್ರೆಜಿಲ್‌ನ ಓದುಗರಿಗೆ ತಲೆಬುಡ ತಿಳಿಯುವುದಿಲ್ಲ. ಹಳೆಯ ಟೊಪೊಶೀಟ್‌ಗಳ ಡೇಟಮ್, ಅಂದರೆ ಅಕ್ಷಾಂಶ ರೇಖಾಂಶ ಅಳೆಯುವ ಆಧಾರ, ಎವರೆಸ್ಟ್. ನಿಮ್ಮ ಜಿಪಿಎಸ್‌ನದು ಡಬ್ಲ್ಯುಜಿಎಸ್ 84. ಎರಡನ್ನೂ ಒಂದರ ಮೇಲೊಂದು ಹಾಗೇ ಕೂರಿಸಿದರೆ ಸರಿಹೊಂದುವುದಿಲ್ಲ.

ಮೂಲೆಯಲ್ಲಿ ಭಾರತದ ಪುಟ್ಟ ನಕ್ಷೆ ಹಾಕುವುದು ಎಲ್ಲರಿಗೂ ಅಭ್ಯಾಸ. ಗಡಿ ಸರ್ವೆ ಆಫ್ ಇಂಡಿಯಾ ನಕ್ಷೆಯಂತೆಯೇ ಇರಬೇಕು. ವಿದೇಶಿ ಸಾಫ್ಟ್‌ವೇರ್ ಜೊತೆ ಬಂದ ಗಡಿ ಹಾಗೆ ಇರುವುದಿಲ್ಲ. ನನ್ನ ಉಪಾಯ ಸುಲಭ: ದಕ್ಷಿಣ ಭಾರತ ಅಥವಾ ಧಾರವಾಡ ಕ್ರೇಟಾನ್ (ನಮ್ಮ ಕಡೆಯ ಹಳೆಯ, ಗಟ್ಟಿ ಭೂಭಾಗ) ಮಾತ್ರ ತೋರಿಸಿ, ತಕರಾರೇ ಇಲ್ಲ.

ಬೇರೆಯವರ ಮ್ಯಾಪನ್ನು ಸ್ಕ್ಯಾನ್ ಮಾಡಿ, ಬಣ್ಣ ಬದಲಿಸಿ 'ಇವರಿಂದ ಮಾರ್ಪಡಿಸಿದ್ದು' ಅಂತ ಬರೆದರೆ ಮುಗಿಯುವುದಿಲ್ಲ. ಪ್ರಕಾಶಕರ ಅನುಮತಿ ಬೇಕಾಗಬಹುದು. ನೀವೇ ಹೊಸದಾಗಿ ಎಳೆದು, ಮಾಹಿತಿ ಯಾರದ್ದು ಅಂತ ಹೇಳುವುದೇ ವಾಸಿ.

ಫೀಲ್ಡ್ ಫೋಟೋದಲ್ಲಿ ಅಳತೆಗೆ ಸುತ್ತಿಗೆ, ಪೆನ್ನು, ನಾಣ್ಯ ಏನಾದರೂ ಇರಲಿ, ಆದರೆ ಅದರ ಉದ್ದವನ್ನು ಸೆಂ.ಮೀ.ನಲ್ಲಿ ಬರೆಯಿರಿ. ನಮ್ಮ ಐದು ರೂಪಾಯಿ ನಾಣ್ಯವೇ ಹಳೆಯದು ಒಂದು ಗಾತ್ರ, ಹೊಸದು ಒಂದು ಗಾತ್ರ. ಯಾವ ದಿಕ್ಕಿಗೆ ಮುಖ ಮಾಡಿ ತೆಗೆದಿದ್ದು ಅಂತಲೂ ಹೇಳಿ. ಮೈಕ್ರೋಸ್ಕೋಪ್ ಫೋಟೋಗೆ 'ಹತ್ತು ಪಟ್ಟು ಹಿಗ್ಗಿಸಿದ್ದು' ಅಂತ ಬರೆಯುವ ಬದಲು ಚಿತ್ರದೊಳಗೇ ಸ್ಕೇಲ್ ಬಾರ್ ಹಾಕಿ. ಪ್ಲೇನ್ ಪೋಲರೈಸ್ಡ್ ಬೆಳಕೋ ಕ್ರಾಸ್ಡ್ ಪೋಲರೈಸ್ಡೋ ತಿಳಿಸಿ. ಖನಿಜಗಳ ಚಿಕ್ಕ ಹೆಸರುಗಳನ್ನು ಒಂದೇ ಪಟ್ಟಿಯಿಂದ ತೆಗೆದುಕೊಳ್ಳಿ.

ರೇರ್ ಅರ್ತ್ ಧಾತುಗಳ ಗ್ರಾಫಿನಲ್ಲಿ ಯಾವ ಕಾಂಡ್ರೈಟ್ (ಹೋಲಿಕೆಗೆ ಬಳಸುವ ಒಂದು ಬಗೆಯ ಉಲ್ಕಾಶಿಲೆ) ಬೆಲೆಯಿಂದ ಭಾಗಿಸಿದ್ದೀರಿ ಅಂತ ಅಡಿಬರಹದಲ್ಲಿ ಇರಲೇಬೇಕು. 1989ರ ಸನ್ ಮತ್ತು ಮೆಕ್‌ಡೊನೊ ಬೆಲೆಗಳನ್ನೇ ಬಹಳ ಜನ ಬಳಸುತ್ತಾರೆ, ಆದರೂ ಹೇಳಬೇಕು.

ಗಾತ್ರದ ವಿಷಯ. ಒಂದು ಕಾಲಮ್ ಅಂದರೆ ಸುಮಾರು 84ರಿಂದ 90 ಮಿ.ಮೀ. ಅಗಲ. ಚಿತ್ರವನ್ನು ಅದೇ ಅಗಲಕ್ಕೆ ಪ್ರಿಂಟ್ ಮಾಡಿ ಕೈ ಚಾಚಿ ಹಿಡಿದು ನೋಡಿ. ಓದಲು ಆಗದಿದ್ದರೆ ಅಕ್ಷರ ದೊಡ್ಡದು ಮಾಡಿ, 8 ಪಾಯಿಂಟ್‌ಗಿಂತ ಕೆಳಗೆ ಇಳಿಯಬೇಡಿ. ಫೋಟೋಗೆ 300 ಡಿಪಿಐ ಸಾಕು. ಗೆರೆ ಚಿತ್ರಗಳನ್ನು ಪಿಡಿಎಫ್ ಅಥವಾ ಇಪಿಎಸ್ ಮಾಡಿ ಇಡಿ. ಪವರ್‌ಪಾಯಿಂಟ್‌ನಿಂದ ಸ್ಕ್ರೀನ್‌ಶಾಟ್ ಹೊಡೆದು ಅದನ್ನು ಹಿಗ್ಗಿಸಿ 300 ಡಿಪಿಐ ಮಾಡುವ ಕಳ್ಳಾಟ ನೋಡಿದ ತಕ್ಷಣ ಗೊತ್ತಾಗುತ್ತದೆ.

ಹಂತ 5: ಈಗ ಬರೆಯಿರಿ, ಆದರೆ ಮಧ್ಯದಿಂದ

ಮೊದಲು ಚಿತ್ರಗಳ ಅಡಿಬರಹ. ಆಮೇಲೆ ವಿಧಾನ. ಆಮೇಲೆ ಫಲಿತಾಂಶ, ಪ್ರದೇಶದ ಭೂವಿಜ್ಞಾನ, ಚರ್ಚೆ. ಪೀಠಿಕೆ ಅದರ ನಂತರ. ಅಬ್‌ಸ್ಟ್ರ್ಯಾಕ್ಟ್ ಮತ್ತು ಟೈಟಲ್ ಕಟ್ಟಕಡೆಗೆ.

ಫಲಿತಾಂಶ ಮತ್ತು ಚರ್ಚೆಯನ್ನು ಕಲಸುವುದು ನಮ್ಮವರ ಹಳೇ ಕಾಯಿಲೆ. ಸಿಲಿಕಾ ಇಷ್ಟು, ಲ್ಯಾಂಥನಮ್ ಜಾಸ್ತಿ, ನಯೋಬಿಯಂ ಕುಸಿದಿದೆ ಅನ್ನುವುದು ಫಲಿತಾಂಶ. ಅದು ಸಬ್‌ಡಕ್ಷನ್‌ನಿಂದ (ಒಂದು ಭೂಫಲಕ ಇನ್ನೊಂದರ ಕೆಳಗೆ ಜಾರುವುದರಿಂದ) ಬಂತೋ ತೊಗಟೆ ಕರಗಿ ಬಂತೋ ಅನ್ನುವುದು ಚರ್ಚೆ. ನಯೋಬಿಯಂ ಕುಸಿತ ಎರಡರಿಂದಲೂ ಬರಬಹುದು. ಒಂದನ್ನೇ ಹಿಡಿದು ಓಡಿದರೆ ರಿವ್ಯೂವರ್ ಅಲ್ಲೇ ಕಾಲು ಹಿಡಿದು ಎಳೆಯುತ್ತಾರೆ. ಎರಡನೇ ಸಾಧ್ಯತೆಯನ್ನು ನೀವೇ ಎತ್ತಿ, ಯಾಕೆ ಅಲ್ಲ ಅಂತ ಹೇಳಿ. ನಿಮ್ಮ ಕಲ್ಲು ರೂಪಾಂತರ ಹೊಂದಿದ್ದು, ಹಾಗಾಗಿ ಸೋಡಿಯಂ, ಪೊಟ್ಯಾಸಿಯಂ, ರುಬಿಡಿಯಂ ಅತ್ತಿತ್ತ ಓಡಾಡಿರುತ್ತವೆ ಅನ್ನುವುದೂ ನೆನಪಿರಲಿ. ಅವುಗಳ ಮೇಲೆ ವಾದ ಕಟ್ಟಿದರೆ ಮರಳಿನ ಮೇಲೆ ಮನೆ ಕಟ್ಟಿದ ಹಾಗೆ.

ಪ್ರದೇಶದ ಭೂವಿಜ್ಞಾನದ ಭಾಗವನ್ನು ಥೀಸಿಸ್‌ನಿಂದ ಹಾಗೇ ಎತ್ತಿ ಅಂಟಿಸಬೇಡಿ. ಥೀಸಿಸನ್ನು ಶೋಧಗಂಗಾದಲ್ಲಿ (ಭಾರತದ ಥೀಸಿಸ್‌ಗಳ ಆನ್‌ಲೈನ್ ಭಂಡಾರದಲ್ಲಿ) ಏರಿಸಿದ್ದರೆ ನಕಲು ಹುಡುಕುವ ಸಾಫ್ಟ್‌ವೇರ್ ನಿಮ್ಮನ್ನೇ ನಿಮ್ಮ ಕಳ್ಳ ಅಂತ ತೋರಿಸುತ್ತದೆ. ಹೊಸದಾಗಿ ಬರೆಯಿರಿ, ಪೇಪರ್ ಥೀಸಿಸ್‌ನ ಭಾಗ ಅಂತ ಪತ್ರದಲ್ಲಿ ತಿಳಿಸಿ. ತಳದ ಹಳೆಯ ಕಲ್ಲಾದ ಪೆನಿನ್ಸುಲರ್ ಗ್ನೈಸ್‌ನಿಂದ ಶುರುಮಾಡಿ ಇಡೀ ಕ್ರೇಟಾನಿನ ಚರಿತ್ರೆ ಹೇಳುವುದೂ ಬೇಡ, ನಿಮ್ಮ ವಾದಕ್ಕೆ ಬೇಕಾದಷ್ಟು ಸಾಕು.

ಇಂಗ್ಲಿಷ್ ತಿದ್ದಲು ಎಐ ಬಳಸಿದ್ದರೆ ಜರ್ನಲ್ ಕೇಳಿದ ಜಾಗದಲ್ಲಿ ಹೇಳಿಬಿಡಿ. ಅದು ಕೊಟ್ಟ ರೆಫರೆನ್ಸ್‌ಗಳನ್ನು ಮಾತ್ರ ಕಣ್ಣುಮುಚ್ಚಿ ಹಾಕಬೇಡಿ. ಪ್ರತಿಯೊಂದರ ಡಿಒಐ (ಪೇಪರಿನ ಶಾಶ್ವತ ಲಿಂಕ್) ಒತ್ತಿ ತೆರೆದು ನೋಡಿ. ಇಲ್ಲದ ಪೇಪರನ್ನು ಉಲ್ಲೇಖಿಸಿ ಸಿಕ್ಕಿಬಿದ್ದರೆ ಮಾನ ಉಳಿಯುವುದಿಲ್ಲ.

ಹಂತ 6: ಕಳಿಸುವ ಗಂಟು ಕಟ್ಟಿ

ಒಂದು ಫೋಲ್ಡರ್‌ನಲ್ಲಿ ಇವಿಷ್ಟೂ ಇರಲಿ: ಸಾಲು ನಂಬರ್ ಹಾಕಿದ ಮುಖ್ಯ ಬರಹ, ಬೇರೆ ಬೇರೆ ಫೈಲಾಗಿ ಚಿತ್ರಗಳು, ತಿದ್ದಲು ಬರುವ ರೂಪದ ಟೇಬಲ್‌ಗಳು, ಹೆಚ್ಚುವರಿ ಡೇಟಾ, ಕವರ್ ಲೆಟರ್. ಟೇಬಲನ್ನು ಫೋಟೋ ಮಾಡಿ ಅಂಟಿಸುವುದು ಬೇಡವೇ ಬೇಡ.

ಕವರ್ ಲೆಟರ್ ಅರ್ಧ ಪುಟ ದಾಟಬಾರದು. 'ತಮ್ಮ ಘನತೆವೆತ್ತ ಜರ್ನಲ್' ಅಂತ ಹೊಗಳುವ ಬದಲು ಹಂತ 1ರಲ್ಲಿ ಬರೆದ ಎರಡು ಸಾಲನ್ನು ಹಾಕಿ. ಬೇರೆ ಎಲ್ಲೂ ಕಳಿಸಿಲ್ಲ, ಎಲ್ಲಾ ಲೇಖಕರ ಒಪ್ಪಿಗೆ ಇದೆ ಅನ್ನುವುದು ಇರಲಿ. ಒಂದೇ ಪೇಪರನ್ನು ಏಕಕಾಲಕ್ಕೆ ಎರಡು ಜರ್ನಲ್‌ಗೆ ಕಳಿಸುವ ಬುದ್ಧಿವಂತಿಕೆ ತೋರಿಸಲೇಬೇಡಿ.

ರಿವ್ಯೂವರ್ ಹೆಸರು ಸೂಚಿಸಿ ಅಂದರೆ ನಿಮ್ಮ ಗೈಡ್ ಜೊತೆ ಪೇಪರ್ ಬರೆದವರನ್ನೂ ನಿಮ್ಮ ಸಂಸ್ಥೆಯವರನ್ನೂ ಬಿಡಿ. ನಿಮ್ಮ ವಾದವನ್ನು ಒಪ್ಪದ ಒಬ್ಬರ ಹೆಸರು ಸೇರಿಸಿದರೆ ನಷ್ಟವೇನಿಲ್ಲ. ಅವರು ಹೇಗೂ ಓದುತ್ತಾರೆ.

ಹಂತ 7: ಬಟನ್ ಒತ್ತುವುದು, ಒತ್ತಿದೆನಾ ಅಂತ ನೋಡುವುದು

ಇದಕ್ಕೆ ಒಂದು ಇಡೀ ಮಧ್ಯಾಹ್ನ ಇಟ್ಟುಕೊಳ್ಳಿ. ಸಂಪರ್ಕದ ಲೇಖಕರ ಇಮೇಲ್ ಪಿಎಚ್‌ಡಿ ಮುಗಿದ ಮೇಲೂ ಬದುಕಿರುವಂಥದ್ದಾಗಿರಲಿ. ಓರ್ಕಿಡ್ ನಂಬರ್ (ಸಂಶೋಧಕರ ಗುರುತಿನ ನಂಬರ್) ಮೊದಲೇ ಮಾಡಿಸಿ.

ಹೆಸರು ತುಂಬುವಾಗ ನಿಧಾನಿಸಿ. ನಮ್ಮಲ್ಲಿ ಬಹಳ ಜನಕ್ಕೆ ಮನೆತನದ ಹೆಸರೇ ಇಲ್ಲ, ಊರಿನ ಹೆಸರು ಅಪ್ಪನ ಹೆಸರು ಇನಿಷಿಯಲ್ ಆಗಿರುತ್ತವೆ. ಫಾರ್ಮ್ ಮಾತ್ರ 'ಲಾಸ್ಟ್ ನೇಮ್' ಕೇಳುತ್ತದೆ. ಅಲ್ಲಿ ಅಪ್ಪನ ಹೆಸರು ಬಿಡಿಸಿ ಹಾಕಿದರೆ ಜಗತ್ತೆಲ್ಲ ನಿಮ್ಮ ಪೇಪರನ್ನು ಅಪ್ಪನ ಹೆಸರಿನಲ್ಲಿ ಉಲ್ಲೇಖಿಸುತ್ತದೆ. ಮೊದಲ ಪೇಪರಿಗೇ ಒಂದು ರೂಪ ತೀರ್ಮಾನಿಸಿ, ಜೀವನಪೂರ್ತಿ ಅದನ್ನೇ ಬಳಸಿ.

ಎಡಿಟೋರಿಯಲ್ ಮ್ಯಾನೇಜರ್‌ನಂಥ ಆನ್‌ಲೈನ್ ವ್ಯವಸ್ಥೆಯಲ್ಲಿ ಫೈಲುಗಳನ್ನು ಏರಿಸಿದರೆ ಕೆಲಸ ಮುಗಿಯಲಿಲ್ಲ. ಅದು ಎಲ್ಲವನ್ನೂ ಸೇರಿಸಿ ಒಂದು ಪಿಡಿಎಫ್ ಕಟ್ಟುತ್ತದೆ. ಅದನ್ನು ನೀವು ತೆರೆದು ನೋಡಿ 'ಅಪ್ರೂವ್' ಒತ್ತಬೇಕು. ನಾನೇ ಒಂದು ಸಲ ಈ ಬಟನ್ ಒತ್ತದೆ ಇಪ್ಪತ್ತು ದಿನ ಕಾದಿದ್ದೆ. ಎಡಿಟರ್ ಯಾಕೆ ಉತ್ತರ ಕೊಡುತ್ತಿಲ್ಲ ಅಂತ ಎಲ್ಲರ ಹತ್ತಿರ ಗೊಣಗಿದ್ದೂ ಆಯಿತು, ಆಮೇಲೆ ನೋಡಿದರೆ ಪೇಪರ್ ನನ್ನ ಒಪ್ಪಿಗೆಗೇ ಕಾದು ಕೂತಿತ್ತು. ಮ್ಯಾನುಸ್ಕ್ರಿಪ್ಟ್ ನಂಬರ್ ಇರುವ ಇಮೇಲ್ ಬಂದ ಮೇಲಷ್ಟೇ ಕಳಿಸಿದ್ದೇವೆ ಅಂತ ಲೆಕ್ಕ.

ಆಮೇಲೆ ದಿನಾ ಲಾಗಿನ್ ಆಗಿ ನೋಡಿ ತಲೆ ಕೆಡಿಸಿಕೊಳ್ಳಬೇಡಿ. ಮೂರು ತಿಂಗಳಾದರೂ ಸುದ್ದಿ ಇಲ್ಲದಿದ್ದರೆ ಎರಡು ಸಾಲಿನ ವಿನಯದ ಇಮೇಲ್ ಹಾಕಿ.

ಹಂತ 8: ರಿವ್ಯೂ ಬಂದಾಗ

ಓದಿ, ಮುಚ್ಚಿಡಿ, ಎರಡು ದಿನ ಬಿಡಿ. 'ಮೇಜರ್ ರಿವಿಷನ್' ಅಂದರೆ ಬಾಗಿಲು ತೆರೆದಿದೆ ಅಂತ ಅರ್ಥ. ಅದನ್ನು ತಿರಸ್ಕಾರ ಅಂದುಕೊಂಡು ಕೈಬಿಟ್ಟವರನ್ನು ನೋಡಿ ನನಗೆ ಹೊಟ್ಟೆ ಉರಿದಿದೆ.

ಪ್ರತಿ ಆಕ್ಷೇಪವನ್ನೂ ಕಾಪಿ ಮಾಡಿ ಅದರ ಕೆಳಗೆ ಉತ್ತರ ಬರೆಯಿರಿ. 'ಸರಿಪಡಿಸಲಾಗಿದೆ' ಅಂತ ಬಿಟ್ಟರೆ ಸಾಲದು. "ಸ್ಯಾಂಪಲ್ 12ರ ಲಾಸ್ ಆನ್ ಇಗ್ನಿಷನ್ ಶೇ. 6 ಇದೆ, ಕಲ್ಲು ಬದಲಾಗಿರಬಹುದು, ಇದನ್ನು ಯಾಕೆ ಬಳಸಿದಿರಿ?" ಅಂತ ಕೇಳಿದ್ದರೆ, "ಒಪ್ಪುತ್ತೇವೆ, ಚಿತ್ರ 6 ಮತ್ತು 7ರಿಂದ ತೆಗೆದಿದ್ದೇವೆ, ಟೇಬಲ್‌ನಲ್ಲಿ ಗುರುತು ಹಾಕಿ ಉಳಿಸಿದ್ದೇವೆ, ಸಾಲು 214 ನೋಡಿ, ತೀರ್ಮಾನ ಬದಲಾಗಿಲ್ಲ" ಅಂತ ಬರೆಯಿರಿ. ಒಪ್ಪದಿದ್ದರೆ ಒಪ್ಪಬೇಡಿ, ಆದರೆ ಡೇಟಾ ಇಟ್ಟು ಹೇಳಿ.

ತಿರಸ್ಕಾರವೇ ಆದರೂ ಅದೇ ಫೈಲನ್ನು ಮರುದಿನ ಇನ್ನೊಂದು ಜರ್ನಲ್‌ಗೆ ತಳ್ಳಬೇಡಿ. ಧಾರವಾಡ ಕ್ರೇಟಾನ್ ಮೇಲೆ ಕೆಲಸ ಮಾಡುವವರ ಬಳಗ ಚಿಕ್ಕದು. ಅಲ್ಲೂ ಅದೇ ರಿವ್ಯೂವರ್ ಕೈಗೆ ಹೋಗಬಹುದು. ತಾನು ಹೇಳಿದ ಒಂದೂ ಮಾತು ತಿದ್ದಿಲ್ಲ ಅಂತ ಕಂಡರೆ ಅವರು ಎರಡನೇ ಸಲ ಇನ್ನೂ ಚಿಕ್ಕ ಪತ್ರ ಬರೆಯುತ್ತಾರೆ.

ಹಂತ 9: ಪ್ರೂಫ್

ಒಪ್ಪಿಗೆ ಆಗಿ ಸ್ವಲ್ಪ ದಿನಕ್ಕೆ ಪ್ರೂಫ್ (ಪ್ರಕಟವಾಗುವ ಮೊದಲು ತಿದ್ದಲು ಕೊಡುವ ಅಚ್ಚಿನ ಪ್ರತಿ) ಬರುತ್ತದೆ, ಎರಡು ಮೂರು ದಿನದಲ್ಲಿ ವಾಪಸ್ ಮಾಡಿ ಅನ್ನುತ್ತಾರೆ. ಖುಷಿಯಲ್ಲಿ ಓದದೆ ಕಳಿಸುವವರೇ ಜಾಸ್ತಿ. ವಾಕ್ಯಗಳನ್ನಲ್ಲ, ಅಂಕಿಗಳನ್ನು ಓದಿ. ಮೈಕ್ರೋಮೀಟರ್‌ನ ಗ್ರೀಕ್ ಅಕ್ಷರ ಹಾರಿಹೋಗಿ ಮಿಲಿಮೀಟರ್ ಆಗಿದೆಯಾ, ಎಪ್ಸಿಲಾನ್ ನಿಯೋಡಿಮಿಯಂ (ಒಂದು ಐಸೋಟೋಪ್ ಅಳತೆ) ಬೆಲೆಯ ಮುಂದಿನ ಮೈನಸ್ ಗುರುತು ಉಳಿದಿದೆಯಾ, ಐಸೋಟೋಪ್‌ನ ಮೇಲಂಕಿ ಕೆಳಗಿಳಿದಿದೆಯಾ, ಟೇಬಲ್‌ನ ಕಾಲಮ್ ಒಂದು ಮನೆ ಪಕ್ಕಕ್ಕೆ ಸರಿದಿದೆಯಾ ಅಂತ ನೋಡಿ. ಒಬ್ಬರು ಮಾಸ್ಟರ್ ಶೀಟ್ ಹಿಡಿದು ಜೋರಾಗಿ ಓದಲಿ, ಇನ್ನೊಬ್ಬರು ಪ್ರೂಫ್ ಮೇಲೆ ಬೆರಳಿಟ್ಟು ನೋಡಲಿ. ಹನ್ನೆರಡು ಸ್ಯಾಂಪಲ್‌ಗೆ ಒಂದು ಗಂಟೆ ಸಾಕು. ಕೊನೆಯಲ್ಲಿ ಲೇಖಕರ ಸಾಲಿಗೆ ಬಂದು ನಿಮ್ಮ ಹೆಸರು, ಇನಿಷಿಯಲ್, ಅವುಗಳ ಕ್ರಮ ನೋಡಿ. ಟೈಪ್‌ಸೆಟ್ ಮಾಡುವವರು ಅದನ್ನು ತಿರುಗಿಸಿ ಹಾಕಿರುವ ಸಾಧ್ಯತೆ ಚೆನ್ನಾಗಿಯೇ ಇದೆ.